ಎರವಲು ಕೊಟ್ಟ ಕ್ಯಾಸೆಟ್‌ಗಳು

ನಮ್ಮ ಮನೆಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇದೆ. ಮೊದಲ ನಾಲ್ಕು ಹಾಳೆ ಅಡಿಕೆ ಕೊನೆ ಕೊಯ್ದ ಲೆಕ್ಕ. ಅಲ್ಲಿಂದ ಮುಂದೆ ಪೂರ್ತಿ ಕ್ಯಾಸೆಟ್ ಲೆಕ್ಕ. ಯಾವ ಕ್ಯಾಸೆಟ್, ಯಾರಿಗೆ ಕೊಟ್ಟಿದ್ದು, ಯಾವತ್ತು. ವಾಪಸ್ ಬಂದರೆ ಅಡ್ಡಗೆರೆ. ಗೆರೆ ಬೀಳದ ಸಾಲು ಇವತ್ತಿಗೂ ಹದಿನೇಳು ಇವೆ.

ನಮ್ಮೂರು ಶಿರಸಿಯಿಂದ ಹುಲೇಕಲ್ ಕಡೆಗೆ. ನಾನು ಹೈಸ್ಕೂಲಿನಲ್ಲಿದ್ದಾಗ, ಅಂದರೆ 1980ರ ದಶಕದ ಕೊನೆಯಲ್ಲಿ, ಸೋದರಮಾವ ಒಂದು ಟೇಪ್‌ರೆಕಾರ್ಡರ್ ತಂದುಕೊಟ್ಟರು. ಊರಲ್ಲಿ ಎಲ್ಲೇ ಯಕ್ಷಗಾನದ ಆಟ ಇರಲಿ, ಅದನ್ನು ಹೆಗಲಿಗೆ ಹಾಕಿಕೊಂಡು ಹೋಗುವುದೇ ನನ್ನ ಕೆಲಸ. ವೇಷದ ಶಂಭು ಹೆಗಡೆಯವರು, ಚಿಟ್ಟಾಣಿಯವರು, ಪದ್ಯ ಹಾಡುವ ನೆಬ್ಬೂರು ಭಾಗವತರು ಎಲ್ಲ ನಮ್ಮ ಜಿಲ್ಲೆಯವರೇ. ಕೇಳುವುದಕ್ಕೆ ಬರ ಇರಲಿಲ್ಲ. ಕ್ಯಾಸೆಟ್ ಕೊಳ್ಳುವ ದುಡ್ಡಿಗೆ ಬರ.

ಇಡೀ ರಾತ್ರಿಯ ಆಟ ಅಂದರೆ ಎಂಟು ತಾಸು. 60 ನಿಮಿಷದ ಕ್ಯಾಸೆಟ್ ಆದರೆ ಎಂಟು ಬೇಕು, 90ರದ್ದಾದರೆ ಆರು. ಅರ್ಧ ತಾಸಿಗೊಮ್ಮೆ ಎದ್ದು ಮಗುಚಿ ಹಾಕಬೇಕು. ನಿದ್ದೆ ಹತ್ತಿದರೆ ಅಷ್ಟು ಕಥೆ ಹೋಯಿತು. ನನ್ನ ಸಂಗ್ರಹದಲ್ಲಿ ವಾಲಿ ಯುದ್ಧಕ್ಕೆ ಹೊರಡುತ್ತಾನೆ, ಮರುಕ್ಷಣ ಸತ್ತು ಬಿದ್ದಿರುತ್ತಾನೆ. ನಡುವೆ ನಾನು ಗೊರಕೆ ಹೊಡೆದಿದ್ದು. 120ರ ಕ್ಯಾಸೆಟ್ ತಂದರೆ ಮಲಗಬಹುದಲ್ವಾ ಅಂತ ಒಮ್ಮೆ ತಂದೆ. ಅದರ ಟೇಪು ತೀರಾ ತೆಳ್ಳಗೆ. ಮೂರನೇ ಸಲ ಹಾಕುವಾಗಲೇ ರೋಲರ್‌ಗೆ ಸುತ್ತಿಕೊಂಡು ಕರುಳಿನ ಹಾಗೆ ಹೊರಗೆ ಬಂತು.

ಎಲ್ಲಿ ಇಡಬೇಕು ಅನ್ನುವುದನ್ನು ಕಲಿಯಲು ಎರಡು ವರ್ಷ ಹಿಡಿಯಿತು. ಆ ಯಂತ್ರಗಳು ಸದ್ದನ್ನು ತಾವೇ ಏರಿಸಿ ಇಳಿಸಿ ಮಾಡುತ್ತಿದ್ದವು. ಚೆಂಡೆಯ ಒಂದು ಪೆಟ್ಟು ಬಿದ್ದ ಕೂಡಲೇ ಹೆದರಿ ಸದ್ದು ಇಳಿಸಿಬಿಡುವವು. ಭಾಗವತರ ದನಿ ಬಾವಿಯೊಳಗೆ ಇಳಿದು, ಎರಡು ಕ್ಷಣ ಬಿಟ್ಟು ಮೇಲೆ ಬಂದ ಹಾಗೆ ಕೇಳುವುದು. ಕೊನೆಗೆ ಚೆಂಡೆಯಿಂದ ಆದಷ್ಟು ದೂರ, ಮದ್ದಲೆಯ ಬದಿಗೆ, ಕಂಬಳಿ ಮಡಚಿ ಅದರ ಮೇಲೆ ಇಡಲು ಶುರು ಮಾಡಿದೆ. ಕಂಬಳಿ ಯಾಕೆಂದರೆ ಭಾಗವತರು ಕೂರುವ ಮಂಚದ ಹಲಗೆ ಮೇಲೆ ಇಟ್ಟರೆ ವೇಷದವರು ಕುಣಿದಾಗ ದಡದಡ ಅಂತ ಅದೇ ಜಾಸ್ತಿ ಬರುತ್ತಿತ್ತು.

ಇನ್ನೊಂದು ತಮಾಷೆ ಸೆಲ್ಲಿನದ್ದು. ಬೆಳಗಿನ ಜಾವಕ್ಕೆ ಸೆಲ್ಲು ಸೋತು ಮೋಟಾರು ನಿಧಾನವಾಗುತ್ತದೆ. ನಿಧಾನವಾಗಿ ಓಡಿದ ಟೇಪನ್ನು ಮನೆಯಲ್ಲಿ ಕರೆಂಟಿಗೆ ಹಾಕಿ ಸರಿಯಾದ ವೇಗದಲ್ಲಿ ಓಡಿಸಿದರೆ ಶ್ರುತಿ ಏರುತ್ತಾ ಹೋಗುತ್ತದೆ. ಒಂದು ಕ್ಯಾಸೆಟ್ಟಿನಲ್ಲಿ ಗಡಸು ದನಿಯ ರಾವಣ ಬೆಳಗಾಗುವಷ್ಟರಲ್ಲಿ ಸ್ತ್ರೀವೇಷದವರ ಹಾಗೆ ಮಾತಾಡುತ್ತಾನೆ.

1990ರಲ್ಲಿ ಹೆಸರಾಂತ ಭಾಗವತರಾದ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಇನ್ನೂ ಮೂವತ್ತರ ಆಚೀಚೆಯ ವಯಸ್ಸು. ಆ ಮಳೆಗಾಲ ಪೂರ್ತಿ ನಮ್ಮ ಮನೆಗೆ ಜನ ಬಂದರು. ಬಂದವರಿಗೆ ಆಯಿ ಕವಳದ, ಅಂದರೆ ಎಲೆ ಅಡಿಕೆಯ, ತಟ್ಟೆ ಇಡುತ್ತಿದ್ದರು. ಸ್ವಲ್ಪ ಹೊತ್ತು ಅಡಿಕೆ ಧಾರಣೆ, ಕೊಳೆರೋಗದ ಮಾತು. ಆಮೇಲೆ ಮೆತ್ತಗೆ, "ಅವರ ಪದ್ಯ ಒಂದು ಇತ್ತಲಾ ನಿಂಗಳ ಹತ್ರ?" ನನ್ನ ಎರವಲು ಪುಸ್ತಕ ಶುರುವಾಗಿದ್ದು ಆಗಲೇ.

ಕೊಟ್ಟಿದ್ದಕ್ಕೆ ಬರಿಗೈಯಲ್ಲಿ ವಾಪಸ್ ಬಂದಿದ್ದು ಕಡಿಮೆ. ಒಬ್ಬರು ಹಲಸಿನ ಹಪ್ಪಳದ ಕಟ್ಟಿನ ಜೊತೆ ತಂದರು. ಇನ್ನೊಬ್ಬರು ತಮ್ಮ ಹತ್ತಿರವಿದ್ದ ಮಲ್ಲಿಕಾರ್ಜುನ ಮನ್ಸೂರರ ಕ್ಯಾಸೆಟ್ ತಂದು, "ಇದನ್ನು ಒಂದು ವಾರ ಇಟ್ಟುಕೊ" ಅಂದರು. ನನಗೆ ಹಿಂದೂಸ್ತಾನಿ ರುಚಿ ಹತ್ತಿದ್ದೇ ಹಾಗೆ. ಮಾರಿಕಾಂಬಾ ಜಾತ್ರೆಗೆ ಎರಡು ವರ್ಷಕ್ಕೊಮ್ಮೆ ಬಿಡಕಿಬೈಲಿನಲ್ಲಿ ಸಾಲಾಗಿ ಕ್ಯಾಸೆಟ್ ಅಂಗಡಿ ಬರುತ್ತಿದ್ದವು. ಅಲ್ಲಿ ಕೊಂಡಿದ್ದು ಒಂದೊಂದೂ ನೆನಪಿಲ್ಲ. ಆದರೆ ಯಾವ ಕ್ಯಾಸೆಟ್ ಯಾರ ಚೀಲದಿಂದ ಹೊರಬಂತು ಅನ್ನುವುದು ಈಗಲೂ ಗೊತ್ತು.

ಈಗ ಸಿಟ್ಟಿನ ಕಥೆ. ಅಕ್ಕನನ್ನು ಘಟ್ಟದ ಕೆಳಗೆ ಹೊನ್ನಾವರದ ಕಡೆ ಕೊಟ್ಟಿದ್ದು. ಒಂದು ಸಲ ಅವಳು ದೇವಿಮನೆ ಘಟ್ಟ ಇಳಿಯುವಾಗ ಅಪ್ಪೆಮಿಡಿ ಜಾಡಿಯ ಜೊತೆ ನನ್ನ ಒಂದು ಕ್ಯಾಸೆಟ್ಟನ್ನೂ ಒಯ್ದಳು. ನಾನೇ ರೆಕಾರ್ಡ್ ಮಾಡಿದ ಆಟ, ನನ್ನ ಮಟ್ಟಿಗೆ ಚಿನ್ನ. ಕ್ಯಾಸೆಟ್ಟಿನ ಹಿಂಬದಿಯಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತವೆ. ಅದನ್ನು ಮುರಿದುಬಿಟ್ಟರೆ ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. ನಾನು ಮುರಿದಿರಲಿಲ್ಲ. ಸುಮ್ನೆ ಜಿಪುಣತನ, ಮುಂದೆ ಬೇಕಾದರೆ ಅಳಿಸಿ ಬಳಸಬಹುದು ಅಂತ.

ನಾಲ್ಕು ತಿಂಗಳು ಬಿಟ್ಟು ಕ್ಯಾಸೆಟ್ ಬಂತು. ಹಾಕಿದೆ. ಭಾಗವತರು ಪದ್ಯ ಎತ್ತಿದ್ದಾರೆ, ಚೆಂಡೆ ಏರುತ್ತಿದೆ, ಟಕ್. ಅಕ್ಕನ ಅತ್ತೆಯವರ ಕೆಮ್ಮು. "ಶುರು ಮಾಡ್ಲಾ?" ಅಂತ ಒಂದು ಪ್ರಶ್ನೆ. ಆಮೇಲೆ ಹಸೆಗೆ ಕರೆಯುವ ಹಾಡು. ಹನ್ನೊಂದು ನಿಮಿಷ. ಮತ್ತೆ ಟಕ್, ಚೆಂಡೆ.

"ಎಂತಾ ಭಾವಾ ಇದು?" ಅಂದೆ.

"ಖಾಲಿ ಇದ್ದು ಅಂದ್ಕಂಡಿದ್ದೆ ಮಾರಾಯಾ" ಅಂದರು ಭಾವ. ಆಟ ರೆಕಾರ್ಡ್ ಆದ ಕ್ಯಾಸೆಟ್ ಖಾಲಿ ಅಂತ ಹೇಗೆ ಅನ್ನಿಸುತ್ತದೋ! ಒಂದು ವರ್ಷ ಅವರ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಸಿಡಿ ಬಂತು, ಮೊಬೈಲ್ ಬಂತು. ಕ್ಯಾಸೆಟ್‌ಗಳು ಬಚ್ಚಲೊಲೆ ಮೇಲಿನ ಅಟ್ಟ ಸೇರಿದವು. ನಮ್ಮ ಕಡೆಯ ಮಳೆಗೆ ಅಷ್ಟು ಬೆಚ್ಚಗಿನ ಜಾಗ ಬೇರೆ ಇಲ್ಲ. ಮಸಿ ಹಿಡಿದರೂ ಅಲ್ಲಿದ್ದವು ಉಳಿದವು. ಕಪಾಟಿನಲ್ಲಿ ನೀಟಾಗಿ ಜೋಡಿಸಿದ್ದವಕ್ಕೇ ಬೂಸಲು ಬಂತು.

ಆರು ವರ್ಷದ ಹಿಂದೆ ಇವನ್ನೆಲ್ಲ ಕಂಪ್ಯೂಟರ್‌ಗೆ ಇಳಿಸಲು ಕೂತೆ. ಮೊದಲ ದಿನವೇ ತಪ್ಪು ಮಾಡಿದೆ. ಬೂಸಲು ಬಂದ ಒಂದು ಕ್ಯಾಸೆಟ್ಟನ್ನು ಹಾಗೇ ಪ್ಲೇಯರ್‌ಗೆ ಹಾಕಿದೆ. ಆ ಬಿಳಿ ಪುಡಿ ಟೇಪನ್ನು ಓದುವ ಹೆಡ್ಡಿಗೆ ಮೆತ್ತಿ, ಅಲ್ಲಿಂದ ಮುಂದಿನ ಮೂರು ಒಳ್ಳೆಯ ಕ್ಯಾಸೆಟ್ಟಿಗೂ ಹತ್ತಿತು. ಈಗ ಮೊದಲು ಬೆಳಕಿಗೆ ಹಿಡಿದು ಟೇಪಿನ ಸುತ್ತು ನೋಡುತ್ತೇನೆ. ಬಿಳಿ ಚುಕ್ಕೆ ಕಂಡರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳಕ್ಕೆ ಹೋಗಿ, ಐದು ಸ್ಕ್ರೂ ಬಿಚ್ಚಿ, ಐಸೊಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ನಿಧಾನಕ್ಕೆ ಒರೆಸುತ್ತೇನೆ. ಅಗ್ಗದ ಕ್ಯಾಸೆಟ್ಟಿಗೆ ಸ್ಕ್ರೂ ಇರುವುದಿಲ್ಲ, ಅಂಟಿಸಿರುತ್ತಾರೆ. ಅದನ್ನು ಬ್ಲೇಡಿನಿಂದ ಸೀಳಿ, ಟೇಪನ್ನು ಸ್ಕ್ರೂ ಇರುವ ಬೇರೆ ಡಬ್ಬಿಗೆ ದಾಟಿಸಬೇಕು. ಸದ್ದು ಮಂಕಾಗಿದ್ದರೆ ಒಳಗಿನ ಚಿಕ್ಕ ಉಣ್ಣೆಯ ಪ್ಯಾಡ್ ಬಿದ್ದಿದೆಯಾ ನೋಡಿ. ಅದೂ ಸರಿ ಇದ್ದರೆ ಹೆಡ್ಡಿನ ಪಕ್ಕದ ಸ್ಕ್ರೂವನ್ನು ಒಂದು ಕೂದಲೆಳೆಯಷ್ಟು ತಿರುಗಿಸಿ. ತಾಳದ ಕಿಣಿಕಿಣಿ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಆ ಕ್ಷಣಕ್ಕಾಗಿ ಇಡೀ ಸಂಜೆ ಕೂರಬಹುದು.

ಇಳಿಸಲು ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಸಾಕು, ಅದಕ್ಕೆ ದುಡ್ಡು ಕೊಡಬೇಕಿಲ್ಲ. ವೇವ್ ಫೈಲಾಗಿ ಇಟ್ಟರೆ ನಿಮಿಷಕ್ಕೆ ಸುಮಾರು 10 ಎಂಬಿ, 90ರ ಕ್ಯಾಸೆಟ್ಟಿಗೆ 900 ಎಂಬಿ. ಜಾಗ ಜಾಸ್ತಿ ಅಂತ ಎಂಪಿ3 ಮಾತ್ರ ಇಡುವವರಿದ್ದಾರೆ, ನಾನಂತೂ ಒಪ್ಪುವುದಿಲ್ಲ. ಸೆಲ್ಲು ಸೋತ ಕ್ಯಾಸೆಟ್ಟಿಗೆ ಮೊದಲರ್ಧದ ಶ್ರುತಿಪೆಟ್ಟಿಗೆಯ ಸ್ವರ ಹಿಡಿದುಕೊಂಡು ಉಳಿದ ಭಾಗದ ವೇಗ ತುಂಡು ತುಂಡಾಗಿ ಇಳಿಸುತ್ತೇನೆ. ರಾವಣನಿಗೆ ಗಂಡಸಿನ ದನಿ ವಾಪಸ್ ಬಂದಿದೆ.

ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟನ್ನು ನಾನು ಪ್ರತಿ ಮಾಡಿ ಹಂಚುವುದಿಲ್ಲ, ಬಂದು ಕೇಳಿ ಅನ್ನುತ್ತೇನೆ. ನಾನೇ ರೆಕಾರ್ಡ್ ಮಾಡಿದ ಆಟವನ್ನು ಕೊಡುವ ಮುಂಚೆ ಹಾಡಿದವರ ಮನೆಗೆ ಒಂದು ಫೋನ್ ಮಾಡುತ್ತೇನೆ. ಕೊಡುವುದು ಪೆನ್‌ಡ್ರೈವಿನಲ್ಲಿ, ಕೈಯಾರೆ. ವಾಟ್ಸಾಪಿನಲ್ಲಿ ಮೂರು ನಿಮಿಷದ ತುಂಡು ಕಳಿಸಿದರೆ ಒಂದು ಹೆಬ್ಬೆರಳು ಬರುತ್ತದೆ ಅಷ್ಟೇ. ಕವಳ ಹಾಕಲು ಯಾರೂ ಬರುವುದಿಲ್ಲ.

ಅಕ್ಕನ ಅತ್ತೆ ತೀರಿಹೋಗಿ ಹನ್ನೆರಡು ವರ್ಷವಾಯಿತು. ಅವರ ದನಿ ಬೇರೆಲ್ಲೂ ಇಲ್ಲ. ಕಳೆದ ವರ್ಷ ಅಕ್ಕನ ಮಗಳ ಮದುವೆಯಲ್ಲಿ ಹಸೆಗೆ ಕರೆಯುವ ಹೊತ್ತಿಗೆ ನನ್ನ ಪೆನ್‌ಡ್ರೈವ್ ಹಾಕಿದರು. "ಶುರು ಮಾಡ್ಲಾ?" ಅಂದ ಕೂಡಲೇ ಭಾವ ಎದ್ದು ಒಳಗೆ ಹೋದರು. ಹಾಡನ್ನು ಬೇರೆ ಫೈಲು ಮಾಡಿಕೊಡು ಅಂತ ಅಕ್ಕ ಕೇಳಿದ್ದಳು. ಕತ್ತರಿಸಲು ಕೂತೆ, ಯಾಕೋ ಮನಸ್ಸು ಬರಲಿಲ್ಲ. ಮದುವೆಮನೆಯಲ್ಲಿ ಹಾಡು ಮುಗಿದು ಒಮ್ಮೆಲೇ ಚೆಂಡೆ ಬಡಿದಾಗ ಪುರೋಹಿತರು ಬೆಚ್ಚಿಬಿದ್ದರು.

ಹಾಗಂತ ಆ ಹನ್ನೊಂದು ನಿಮಿಷದ ಆಟದ ಆಸೆ ಹೋಗಿಲ್ಲ. ನೋಟ್‌ಬುಕ್ ಮತ್ತೆ ತಿರುವಿದೆ. ಅಕ್ಕ ಒಯ್ಯುವ ಮುಂಚೆ ಅದರದ್ದೇ ಒಂದು ಪ್ರತಿಯನ್ನು ಸಿದ್ದಾಪುರ ಕಡೆಯ ಒಬ್ಬರಿಗೆ ಕೊಟ್ಟಿದ್ದೆ. ಗೆರೆ ಬಿದ್ದಿಲ್ಲ. ಹೋದ ವಾರ ಫೋನ್ ಮಾಡಿದೆ. ಮಗ ಎತ್ತಿದ. ಅಟ್ಟದ ಮೇಲೆ ಒಂದು ಪೆಟ್ಟಿಗೆ ಇದೆಯಂತೆ, ಬೂಸಲು ಹಿಡಿದಿದೆಯಂತೆ, ಎಸೆಯಬೇಕು ಅಂತಿದ್ದರಂತೆ. ಮುಟ್ಟಬೇಡಿ, ಭಾನುವಾರ ಬರುತ್ತೇನೆ ಅಂದಿದ್ದೇನೆ. ಸ್ಪಿರಿಟ್ಟಿನ ಬಾಟಲಿ, ಸಣ್ಣ ಸ್ಕ್ರೂಡ್ರೈವರ್ ಎರಡನ್ನೂ ಇವತ್ತೇ ಚೀಲಕ್ಕೆ ಹಾಕಿಟ್ಟೆ.