ಡ್ರೋನ್ ಹಸಿರು ತೋರಿಸಿದ ಜಾಗದಲ್ಲಿ ಮೊಣಕಾಲೂರುವ ಮುಂಚೆ

ನೆಲಬಾಂಬ್ (ಮೈನ್) ಹುಡುಕುವ ಯಂತ್ರಗಳ ಪರೀಕ್ಷೆಯಲ್ಲಿ ನನಗಿದ್ದದ್ದು ಎರಡು ಕೆಲಸ. ಡ್ರೋನ್ ಹಾರಿಸುವುದು, ಮತ್ತು ಅದು ತಂದ ಚಿತ್ರಗಳಲ್ಲಿ ಯಾವುದು ಮೈನ್, ಯಾವುದು ಕಲ್ಲು ಅಂತ ಸಾಫ್ಟ್‌ವೇರ್‌ಗೆ ಕಲಿಸುವುದು. ಮೈನ್‌ಗಳು ನಿಜವಾದವಲ್ಲ, ಸ್ಫೋಟಕ ಇಲ್ಲದ ಡಮ್ಮಿಗಳು. ಕೆಲವನ್ನು ಬಯಲಿನಲ್ಲಿ ಹೂತು, ಕೆಲವನ್ನು ಮೇಲೆ ಚೆಲ್ಲಿ, ಹುಲ್ಲು ಬೆಳೆಯಲು ಬಿಟ್ಟು ಆಮೇಲೆ ಹುಡುಕುತ್ತಿದ್ದೆವು.

ಶುರುವಿನಲ್ಲಿ ಬೆಳಕು ಚೆನ್ನಾಗಿರುತ್ತದೆ ಅಂತ ಮಧ್ಯಾಹ್ನ ಹಾರಿಸಿದೆ. ಬಿಸಿಯಾದದ್ದನ್ನು ಬಿಳಿಯಾಗಿ, ತಣ್ಣಗಿನದನ್ನು ಕಪ್ಪಗೆ ತೋರಿಸುವ ಥರ್ಮಲ್ ಕ್ಯಾಮೆರಾದಲ್ಲಿ ಇಡೀ ಬಯಲು ಒಂದೇ ಬಿಳಿ, ಏನೂ ಕಾಣಲಿಲ್ಲ. ಡ್ರೋನ್‌ನಿಂದ ನಾವು ಹುಡುಕುತ್ತಿದ್ದದ್ದು ಪಿಎಫ್‌ಎಂ-1 ಎಂಬ ಮೈನ್‌ನ ನಕಲುಗಳನ್ನು. ಚಿಟ್ಟೆಯ ರೆಕ್ಕೆಯ ಆಕಾರ, ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರ, ಸುಮಾರು 75 ಗ್ರಾಂ ತೂಕ, ಹೊರಮೈ ಪೂರ್ತಿ ಪ್ಲಾಸ್ಟಿಕ್. ನಿಜವಾದದ್ದನ್ನು ಮೇಲಿನಿಂದ ಉದುರಿಸುತ್ತಾರೆ, ಅದು ನೆಲದ ಮೇಲೇ ಬಿದ್ದಿರುತ್ತದೆ. ಆಟದ ಸಾಮಾನು ಅಂದುಕೊಂಡು ಎತ್ತಿಕೊಂಡ ಮಕ್ಕಳು ಕೈ ಕಳೆದುಕೊಂಡಿದ್ದಾರೆ, ನಾನು ಈ ಕೆಲಸಕ್ಕೆ ಬಂದದ್ದೇ ಅದನ್ನು ತಿಳಿದ ಮೇಲೆ. ತೆಳ್ಳನೆಯ ಪ್ಲಾಸ್ಟಿಕ್, ಕಲ್ಲು-ಮಣ್ಣಿಗಿಂತ ಬೇಗ ಬಿಸಿಯಾಗುತ್ತದೆ, ಬೇಗ ತಣ್ಣಗಾಗುತ್ತದೆ. ಹಾಗಾಗಿ ಸೂರ್ಯ ಹುಟ್ಟಿದ ಕೂಡಲೇ ಹಾರಿಸಿದರೆ ನೆಲ ಇನ್ನೂ ಕಪ್ಪಗಿರುವಾಗ ಮೈನ್ ಮಾತ್ರ ಸಣ್ಣ ಬಿಳಿ ಚುಕ್ಕಿಯಾಗಿ ಎದ್ದು ಕಾಣುತ್ತದೆ. ಸ್ವಲ್ಪ ಹೊತ್ತು ಕಳೆದರೆ ಕಲ್ಲುಗಳೂ ಬಿಸಿಯಾಗಿ ಎಲ್ಲಾ ಕಲೆಸಿಹೋಗುತ್ತದೆ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಆ ದಿನದ ಹಾರಾಟ ದಂಡ.

ಹೂತಿಟ್ಟವುಗಳಿಗೆ ಮೆಟಲ್ ಡಿಟೆಕ್ಟರ್ ಕಟ್ಟಿದ ರೋಬೋ ಇತ್ತು. ಅದು ತನ್ನಷ್ಟಕ್ಕೆ ಸಾಲು ಸಾಲಾಗಿ ಓಡಾಡುತ್ತಿತ್ತು, ದಣಿವಿಲ್ಲ, ಗಮನ ತಪ್ಪುವುದಿಲ್ಲ, ಅದು ಅದರ ದೊಡ್ಡ ಗುಣ. ಆದರೆ ಕೆಲವು ಮೈನ್‌ಗಳಲ್ಲಿ ಲೋಹ ಒಂದು ಗ್ರಾಂ ಕೂಡ ಇರುವುದಿಲ್ಲ. ಅದನ್ನು ಹಿಡಿಯಲು ಡಿಟೆಕ್ಟರ್ ಸೂಕ್ಷ್ಮ ಮಾಡಿದರೆ ಪ್ರತಿ ಮೊಳೆ, ತಂತಿ ಚೂರು, ಬಾಟಲಿ ಮುಚ್ಚಳಕ್ಕೂ ಕೂಗುತ್ತದೆ. ಗುಂಡಿಯ ಅಂಚಿಗೆ ಬಂದು ರೋಬೋ ವಾಲಿದರೆ ಡಿಟೆಕ್ಟರ್ ನೆಲದಿಂದ ಮೇಲೇಳುತ್ತದೆ, ಸಿಗ್ನಲ್ ಸತ್ತಂತೆಯೇ. ಇದನ್ನು ಸರಿಮಾಡುವುದರಲ್ಲೇ ನಮಗೆ ಜಾಸ್ತಿ ದಿನ ಹೋಯಿತು.

ಇಷ್ಟಾದ ಮೇಲೆ ಒಂದು ದಿನ ಡ್ರೋನ್, ರೋಬೋ ಎರಡರ ಮಾಹಿತಿಯಿಂದ ಸಾಫ್ಟ್‌ವೇರ್ ಬರೆದ ಬಯಲಿನ ಮ್ಯಾಪ್ ಬಹಳ ಚೆನ್ನಾಗಿ ಬಂತು. ಸಂಶಯ ಇರುವಲ್ಲಿ ಕೆಂಪು, ಉಳಿದಲ್ಲೆಲ್ಲಾ ಹಸಿರು. ನಮ್ಮ ಜೊತೆ ವರ್ಷಗಟ್ಟಲೆ ಕೈಯಿಂದಲೇ ಮೈನ್ ತೆಗೆದ ಹಿರಿಯರೊಬ್ಬರಿದ್ದರು. ಅವರು ಮ್ಯಾಪ್ ನೋಡಿದರು, ಏನೂ ಹೇಳಲಿಲ್ಲ. ಹಸಿರು ಜಾಗದ ಅಂಚಿನಲ್ಲಿ ಹೊಟ್ಟೆ ಮೇಲೆ ಮಲಗಿ, ಹುಲ್ಲನ್ನು ಎಸಳೆಸಳಾಗಿ ಸರಿಸಿ, ತೆಳ್ಳನೆಯ ಕಡ್ಡಿಯನ್ನು ಸುಮಾರು 30 ಡಿಗ್ರಿ ಓರೆಯಾಗಿ ಮಣ್ಣಿಗೆ ಮೆಲ್ಲಗೆ ತೂರಿಸುತ್ತಾ ಹೋದರು. ನೇರವಾಗಿ ಚುಚ್ಚಿದರೆ ಮೈನ್‌ನ ಒತ್ತುವ ಭಾಗಕ್ಕೇ ತಗಲುತ್ತದೆ, ಓರೆಯಾದರೆ ಪಕ್ಕಕ್ಕೆ ತಾಗುತ್ತದೆ. ಸ್ವಲ್ಪ ಹೊತ್ತಿಗೆ ಕೈ ನಿಂತಿತು. "ಬಾ, ಇಲ್ಲಿ ನೋಡು" ಅಂದರು. ದಟ್ಟ ಹುಲ್ಲಿನ ಬುಡದಲ್ಲಿ ನಮ್ಮದೇ ಡಮ್ಮಿ. ಅದನ್ನು ಹೂತವನೇ ನಾನು, ನನಗೇ ಮರೆತುಹೋಗಿತ್ತು. ನನ್ನ ಮೊಣಕಾಲು ಅದರಿಂದ ಒಂದು ಗೇಣು ದೂರದಲ್ಲಿತ್ತು.

ತಪ್ಪು ಎಲ್ಲಿ ಅಂತ ಆಮೇಲೆ ಗೊತ್ತಾಯಿತು. ಆ ಜಾಗದಲ್ಲಿ ಕ್ಯಾಮೆರಾ ನೆಲವನ್ನು ನೋಡಿಯೇ ಇರಲಿಲ್ಲ, ಬರೀ ಹುಲ್ಲು ನೋಡಿತ್ತು. ರೋಬೋ ಕೂಡ ಆ ಹುಲ್ಲಿನ ಪೊದೆಯೊಳಗೆ ಹೋಗದೆ ಸುತ್ತಿಕೊಂಡು ಹೋಗಿತ್ತು. "ಏನೂ ಸಿಗಲಿಲ್ಲ" ಮತ್ತು "ನೋಡಲೇ ಇಲ್ಲ" ಎರಡಕ್ಕೂ ನಾನು ಒಂದೇ ಬಣ್ಣ ಕೊಟ್ಟಿದ್ದೆ. ಮೈನ್ ತೆಗೆದ ನೆಲ ಅಂತ ಜನರಿಗೆ ಒಪ್ಪಿಸಬೇಕಾದರೆ ಗೊತ್ತುಪಡಿಸಿದ ಆಳದವರೆಗೆ ಒಂದೂ ಉಳಿದಿರಬಾರದು, ನೂರರಲ್ಲಿ ತೊಂಬತ್ತೊಂಬತ್ತು ಸಾಲದು.

ಈಗ ನಮ್ಮ ಸಾಫ್ಟ್‌ವೇರ್‌ಗೆ ಹಸಿರು ಹಾಕುವ ಅಧಿಕಾರ ಇಲ್ಲ. ಅದು ಕೆಂಪು ಹಾಕಬಹುದು, ಬೂದು ಹಾಕಬಹುದು. ಕೆಂಪು ಅಂದರೆ ಮೊದಲು ಇಲ್ಲಿಗೆ ಬನ್ನಿ. ಬೂದು ಅಂದರೆ ಇನ್ನೂ ಗೊತ್ತಿಲ್ಲ. ಮ್ಯಾಪ್‌ನ ಪ್ರತಿ ಚೌಕಕ್ಕೂ ಹುಲ್ಲು ಎಷ್ಟು ಎತ್ತರ, ಡಿಟೆಕ್ಟರ್ ನೆಲದಿಂದ ಎಷ್ಟು ಮೇಲಿತ್ತು ಅಂತ ಬರೆದಿಡುತ್ತೇವೆ. ಹಸಿರು ಹಾಕುವುದು ಆ ಚೌಕವನ್ನು ಪೂರ್ತಿ ತಡಕಿ ಎದ್ದ ಮನುಷ್ಯ, ತನ್ನ ಸಹಿಯೊಂದಿಗೆ.