ಟೊರಾಂಟೊಗೆ ಹೊರಟ ನಮ್ಮೂರ ಮಕ್ಕಳಿಗೆ: ತಿಗಣೆ ವಿಷಯ ಒಂದಿಷ್ಟು

ಪ್ರತಿ ಬೇಸಿಗೆ ನಾನು ಟೊರಾಂಟೊದಿಂದ ಮೈಸೂರಿಗೆ, ಸರಸ್ವತೀಪುರಂನ ಅಮ್ಮನ ಮನೆಗೆ ಬರುತ್ತೇನೆ. ಬಂದ ವಾರದಲ್ಲೇ ಕೆನಡಾಕ್ಕೆ ಹೊರಟ ಮಕ್ಕಳು, ಅವರ ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಮಂಡ್ಯ, ಶ್ರೀರಂಗಪಟ್ಟಣದಿಂದಲೂ ಬರುತ್ತಾರೆ. ಸಾರಿನ ಪುಡಿ ಎಷ್ಟು ಒಯ್ಯಬಹುದು, ಜಾಕೆಟ್ ಇಲ್ಲೇ ಕೊಳ್ಳೋದಾ ಅಲ್ಲೇನಾ, ಕುಕ್ಕರ್ ಗ್ಯಾಸ್ಕೆಟ್ ಅಲ್ಲಿ ಸಿಗುತ್ತಾ, ಎಲ್ಲ ಕೇಳುತ್ತಾರೆ. ತಿಗಣೆ ಬಗ್ಗೆ ಮಾತ್ರ ಯಾರೂ ಕೇಳಲ್ಲ. ಆಮೇಲೆ ಚಳಿಗಾಲ ಬರುವ ಹೊತ್ತಿಗೆ ಅದೇ ಮಕ್ಕಳು ರಾತ್ರಿ ಫೋನ್ ಮಾಡುತ್ತಾರೆ. ದನಿ ತಗ್ಗಿಸಿ, "ಆಂಟಿ, ಯಾರಿಗೂ ಹೇಳಬೇಡಿ" ಅಂತ ಶುರು ಮಾಡುತ್ತಾರೆ.

ನಿಮಗೆ ದುಡ್ಡು ಖರ್ಚಾಗೋದೇ ಈ "ಯಾರಿಗೂ ಹೇಳಬೇಡಿ"ಯಿಂದ. ಮುಚ್ಚಿಟ್ಟ ಒಂದೊಂದು ವಾರಕ್ಕೂ ಖರ್ಚು ಏರುತ್ತದೆ. ಬೇಗ ಹೇಳಿದರೆ ಹೆಚ್ಚಿನ ಖರ್ಚು ಮನೆ ಮಾಲೀಕನದು. ನಿಮ್ಮ ಪಾಲಿಗೆ ಉಳಿಯೋದು ಡ್ರೈಯರ್ ಕಾಸು, ಒಂದಿಷ್ಟು ಪ್ಲಾಸ್ಟಿಕ್ ಚೀಲ, ಎರಡು ತಿಂಗಳ ತಾಳ್ಮೆ.

ಮೊದಲು ನಾಚಿಕೆ ಬಿಡಿ. ತಿಗಣೆಗೆ ಕೊಳಕು ಬೇಕಿಲ್ಲ, ರಕ್ತ ಬೇಕು, ಅಡಗೋಕೆ ಒಂದು ಸಂದಿ ಬೇಕು. ಮಡಿ ಮಾಡೋ ಮನೆಗೂ ಬರುತ್ತದೆ. ಎರಡನೇ ಮಹಾಯುದ್ಧದ ನಂತರ ಡಿಡಿಟಿ ಹೊಡೆದು ಕೆನಡಾ, ಅಮೆರಿಕದಂಥ ದೇಶಗಳಲ್ಲಿ ತಿಗಣೆಯನ್ನು ಹೆಚ್ಚುಕಡಿಮೆ ಇಲ್ಲವಾಗಿಸಿದ್ದರು. 1990ರ ದಶಕದ ಕೊನೆಗೆ ಮತ್ತೆ ಬಂತು. ಈಗ ಅಂಗಡಿಯಲ್ಲಿ ಸಿಗೋ ಮಾಮೂಲಿ ಸ್ಪ್ರೇಗಳಿಗೆ ಬಹಳಷ್ಟು ತಿಗಣೆ ಜಗ್ಗೋದೇ ಇಲ್ಲ. ಇನ್ನೊಂದು ಸಮಾಧಾನದ ಮಾತು: ಇದು ಕಚ್ಚಿ ರೋಗ ಹರಡಿದ್ದಕ್ಕೆ ಪುರಾವೆ ಇಲ್ಲ. ತುರಿಕೆ, ನಿದ್ದೆಗೇಡು, ಕಿರಿಕಿರಿ ಅಷ್ಟೇ. ಅದೇನು ಕಮ್ಮಿ ಕಾಟ ಅಲ್ಲ, ಗೊತ್ತು.

ಹೊಸಬರ ಮನೆಗೆ ಹೇಗೆ ಬರುತ್ತದೆ ಅನ್ನೋದು ಊಹಿಸೋದು ಕಷ್ಟವಲ್ಲ. ಸೆಪ್ಟೆಂಬರಿನಲ್ಲಿ ಕಾಲೇಜು ಶುರು. ಕೈಯಲ್ಲಿ ಕಾಸಿಲ್ಲ. ರಸ್ತೆ ಬದಿಯಲ್ಲಿ ಯಾರೋ ಒಳ್ಳೇ ಸೋಫಾ ಇಟ್ಟಿರುತ್ತಾರೆ, ಪುಕ್ಕಟೆ. ನಾಲ್ಕು ಜನ ಸೇರಿ ಹೊತ್ತು ತರುತ್ತಾರೆ. ಇಲ್ಲವೇ ಯಾರೋ ಬಳಸಿದ ಹಾಸಿಗೆ ಇಪ್ಪತ್ತು ಡಾಲರಿಗೆ ಸಿಕ್ಕಿತು ಅಂತ ಖುಷಿ. ಮೇಜು, ಕುರ್ಚಿ, ಪಾತ್ರೆ ಹಳೆಯದು ತಗೊಳ್ಳಿ, ತಪ್ಪಿಲ್ಲ, ಸಂದಿ ನೋಡಿ ಒರೆಸಿಕೊಳ್ಳಿ. ಹಾಸಿಗೆ ಮತ್ತು ಬಟ್ಟೆ ಹೊದಿಸಿದ ಸೋಫಾ ಮಾತ್ರ ಬೇಡವೇ ಬೇಡ. ಮೊದಲ ತಿಂಗಳು ಗಾಳಿ ತುಂಬೋ ಹಾಸಿಗೆ ಮೇಲೆ ಮಲಗಿ, ಪರವಾಗಿಲ್ಲ.

ಇನ್ನು ಗುರುತು ಹಿಡಿಯೋದು. ಕೈ ಮೇಲೆ ಕೆಂಪು ಗುಳ್ಳೆ ಎದ್ದರೆ ನಮ್ಮವರು ಮೊದಲು ಸೊಳ್ಳೆ ಅಂತಾರೆ. ಆಮೇಲೆ ನೀರು ಒಗ್ಗಿಲ್ಲ ಅಂತಾರೆ. ಕೊನೆಗೆ ಉಷ್ಣ ಅಂತಾರೆ. ಜನವರಿಯ ಟೊರಾಂಟೊದಲ್ಲಿ ಸೊಳ್ಳೆ ಎಲ್ಲಿಂದ ಬರಬೇಕು? ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರಿಗೆ ಮೈತುಂಬ ಗುಳ್ಳೆ ಏಳಬಹುದು, ಇನ್ನೊಬ್ಬರಿಗೆ ಒಂದೂ ಇರದಿರಬಹುದು. ಅದಕ್ಕೇ ಗುಳ್ಳೆ ನಂಬಬೇಡಿ, ಹಾಸಿಗೆ ನೋಡಿ. ಟಾರ್ಚ್ ಹಿಡಿದು, ಹಳೇ ಎಟಿಎಂ ಕಾರ್ಡಿನ ಅಂಚನ್ನು ಹಾಸಿಗೆಯ ಹೊಲಿಗೆ ಉದ್ದಕ್ಕೂ ಎಳೆಯುತ್ತಾ ಹೋಗಿ. ತಲೆ ಇಡುವ ಕಡೆಯಿಂದ ಶುರು ಮಾಡಿ. ಇಂಕು ಇಂಗಿದ ಹಾಗಿರೋ ಕಪ್ಪು ಚುಕ್ಕೆ, ಕಳಚಿದ ಕಂದು ಪೊರೆ, ಒಂದು ಮಿಲಿಮೀಟರಿನ ಬಿಳಿ ಮೊಟ್ಟೆ, ಇವು ಕಂಡರೆ ಅನುಮಾನವೇ ಬೇಡ. ಬೆಳೆದದ್ದು ಐದು ಮಿಲಿಮೀಟರ್ ಇರುತ್ತದೆ, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಮರಿ ಮಾತ್ರ ಬಣ್ಣವೇ ಇಲ್ಲದಷ್ಟು ತಿಳಿ. ಮಂಚದ ಸ್ಕ್ರೂ ತೂತು, ಗೋಡೆ ಅಂಚಿನ ಮರದ ಪಟ್ಟಿ, ಪ್ಲಗ್ ಪಾಯಿಂಟಿನ ಸುತ್ತ, ಇಷ್ಟನ್ನೂ ನೋಡಿ. ಒಂದು ಸಿಕ್ಕರೆ ಹೊಸಕಿ ಹಾಕಬೇಡಿ. ಸೆಲ್ಲೋಟೇಪಿನಲ್ಲಿ ಹಿಡಿದು ಬಿಳಿ ಹಾಳೆಗೆ ಅಂಟಿಸಿ, ತಾರೀಕು ಬರೆದಿಡಿ. ಮಾಲೀಕ "ಅದು ತಿಗಣೆ ಅಲ್ಲ" ಅಂದಾಗ ಕೆಲಸಕ್ಕೆ ಬರುತ್ತದೆ.

ಅದೇ ದಿನ ಮಾಲೀಕನಿಗೆ ಇಮೇಲ್ ಹಾಕಿ. ಬರೀ ಫೋನ್ ಸಾಲದು. ಇಂಥ ದಿನ, ಇಂಥ ಕೋಣೆಯಲ್ಲಿ ಕಂಡಿತು, ಫೋಟೊ ಜೊತೆಗಿದೆ, ಪರವಾನಗಿ ಇರುವ ಕೀಟ ನಿಯಂತ್ರಣದವರನ್ನು ಕಳಿಸಿ. ಮೂರು ಸಾಲು ಸಾಕು. ಒಂಟಾರಿಯೊ ಪ್ರಾಂತ್ಯದ 2006ರ ಬಾಡಿಗೆ ಕಾಯ್ದೆ ಪ್ರಕಾರ ಮನೆಯನ್ನು ವಾಸಕ್ಕೆ ತಕ್ಕ ಹಾಗೆ ಇಡೋದು ಮಾಲೀಕನ ಹೊಣೆ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಟೊರಾಂಟೊ ನಗರದ 311 ನಂಬರಿಗೆ ದೂರು ಕೊಡಿ. ಅದಕ್ಕೂ ಬಗ್ಗದಿದ್ದರೆ, ಮಾಲೀಕ-ಬಾಡಿಗೆದಾರರ ಜಗಳ ತೀರಿಸೋ ಪ್ರಾಂತ್ಯದ ಮಂಡಳಿಗೆ (Landlord and Tenant Board) ಟಿ-6 ಅನ್ನೋ ಅರ್ಜಿ ಇದೆ. ಆದರೆ ಸಿಟ್ಟಿನಲ್ಲಿ ಬಾಡಿಗೆ ನಿಲ್ಲಿಸಬೇಡಿ. ಹಾಗೆ ಮಾಡಿದರೆ ಮನೆ ಬಿಡಿಸೋಕೆ ನೀವೇ ಅವರಿಗೆ ಕಾರಣ ಕೊಟ್ಟ ಹಾಗೆ. ಔಷಧಿ ಹೊಡೆಯೋರು ಬರುವ ಮುಂಚೆ ಮಾಲೀಕ 24 ಗಂಟೆ ಮೊದಲು ಬರಹದಲ್ಲಿ ತಿಳಿಸಬೇಕು. ಬಂದಾಗ ಬೇಡ ಅನ್ನಬೇಡಿ, ಅವರು ಕೊಟ್ಟ ತಯಾರಿ ಪಟ್ಟಿಯಂತೆ ಕೋಣೆ ಸಿದ್ಧ ಮಾಡಿಡಿ.

ಇಲ್ಲೊಂದು ಸಿಕ್ಕು ಇದೆ, ನಮ್ಮ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಮಾಲೀಕನ ಜೊತೆ ಅಡುಗೆಮನೆ ಅಥವಾ ಬಚ್ಚಲು ಹಂಚಿಕೊಳ್ಳೋ ಕರಾರಿನ ಮೇಲೆ ಕೋಣೆ ಹಿಡಿದಿದ್ದರೆ ಆ ಕಾಯ್ದೆಯ ರಕ್ಷಣೆ ನಿಮಗಿಲ್ಲ. "ನಮ್ಮೋರ ಮನೆ, ಊಟಾನೂ ಸಿಗುತ್ತೆ" ಅಂತ ಹೋಗುವ ಮುಂಚೆ ಇದು ತಲೆಯಲ್ಲಿರಲಿ. ಅಲ್ಲಿ ಬಾಯಿ ಮಾತೇ ಗತಿ. ನ್ಯೂಯಾರ್ಕ್ ನಗರಕ್ಕೆ ಹೋಗುವವರು ಬಾಡಿಗೆ ಕರಾರಿಗೆ ಮೊದಲು ಹಿಂದಿನ ಒಂದು ವರ್ಷದ ತಿಗಣೆ ಚರಿತ್ರೆ ಕೇಳಿ. ಅಲ್ಲಿ ಅದನ್ನು ಬರೆದು ಕೊಡಲೇಬೇಕು.

ಈಗ ಊರಿನಿಂದ ಬರೋ ಸಲಹೆಗಳು. ಅಮ್ಮನಿಗೆ ಫೋನ್ ಮಾಡಿದರೆ, "ಹಾಸಿಗೆ ತಾರಸಿ ಮೇಲೆ ಬಿಸಿಲಿಗೆ ಹಾಕು" ಅಂತಾರೆ. ಹಗ್ಗದ ಮಂಚದ ಕಾಲಕ್ಕೆ ಅದು ಸರಿ, ಮೇಲೆ ಕುದಿಯೋ ನೀರನ್ನೂ ಸುರಿಯುತ್ತಿದ್ದರು. ದಪ್ಪ ಹಾಸಿಗೆಯಲ್ಲಿ ಮೇಲೆ ಕಾದರೆ ತಿಗಣೆ ತಣ್ಣಗಿರೋ ಒಳಗೆ ಸರಿಯುತ್ತದೆ. ದೊಡ್ಡದು ಸಾಯೋಕೆ 48 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಬೇಕು, ಮೊಟ್ಟೆಗೆ ಒಂದೂವರೆ ಗಂಟೆ. ಟೊರಾಂಟೊ ಚಳಿಯಲ್ಲಿ ಬಾಲ್ಕನಿಗೆ ಹಾಕಿದರೂ ಅಷ್ಟೇ. ಎರಡು ರಾತ್ರಿ ಮೈನಸ್ ಹತ್ತು ಇದ್ದ ಮಾತ್ರಕ್ಕೆ ಸಾಯಲ್ಲ.

ಸೀಮೆಎಣ್ಣೆ, ಟಿಕ್-20 ಕಾಲ ಮುಗಿಯಿತು. ಸೂಟ್‌ಕೇಸಿನಲ್ಲಿ ಯಾವ ವಿಷವನ್ನೂ ಇಡಬೇಡಿ. ಮಂಡ್ಯ ಕಡೆಯವರಿಗೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಭತ್ತ, ರಾಗಿ ಹುಳ ಹಿಡಿಯದಿರಲಿ ಅಂತ ದಾಸ್ತಾನಿಗೆ ಇಡೋ ಮಾತ್ರೆ ಇದೆಯಲ್ಲ, ಅಲ್ಯೂಮಿನಿಯಂ ಫಾಸ್ಫೈಡ್, ಅದನ್ನು ಮನೆಯೊಳಗೆ ಎಂದೂ ಇಡಬೇಡಿ. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನ್ನೋ ವಿಷದ ಅನಿಲ ಏಳುತ್ತದೆ. ಗೋಡೆ ಸಂದಿಯಲ್ಲಿ ಪಕ್ಕದ ಮನೆಗೂ ಹೋಗುತ್ತದೆ. ಗಲ್ಫ್ ದೇಶಗಳಲ್ಲಿ ತಿಗಣೆಗೆಂದು ಇದನ್ನಿಟ್ಟು ಪಕ್ಕದ ಮನೆಯ ಮಕ್ಕಳು ಸತ್ತಿದ್ದಾರೆ. ಸ್ಪಿರಿಟ್ ಚಿಮುಕಿಸೋದೂ ಬೇಡ. ಅಮೆರಿಕದಲ್ಲಿ ಹಾಗೆ ಮಾಡಿ ಮನೆಗೆ ಬೆಂಕಿ ಬಿದ್ದಿದೆ. ಡಬ್ಬಿ ಒತ್ತಿದರೆ ಕೋಣೆ ತುಂಬ ಹೊಗೆ ಬರುವ ಔಷಧಿ ಸಂದಿಯೊಳಗೆ ಇಳಿಯಲ್ಲ, ತಿಗಣೆಯನ್ನು ಪಕ್ಕದ ಕೋಣೆಗೆ ಓಡಿಸುತ್ತದೆ ಅಷ್ಟೇ. ನುಸಿ ಗುಳಿಗೆ, ಕರ್ಪೂರ, ಬೇವಿನ ಸೊಪ್ಪು ವಾಸನೆಗೆ ಚೆನ್ನ. ಬಾಲ್ಕನ್ ಕಡೆ ಹಿಂದೆ ಬೀನ್ಸ್ ಎಲೆ ನೆಲಕ್ಕೆ ಹರಡುತ್ತಿದ್ದರಂತೆ. ಎಲೆಯ ಕೊಕ್ಕೆಯಂಥ ಸಣ್ಣ ಕೂದಲಿಗೆ ತಿಗಣೆಯ ಕಾಲು ಸಿಕ್ಕಿಕೊಳ್ಳೋದು ನಿಜ ಅಂತ 2013ರಲ್ಲಿ ವಿಜ್ಞಾನಿಗಳೂ ತೋರಿಸಿದರು. ಚಳಿಗಾಲದಲ್ಲಿ ಅಷ್ಟು ಎಲೆ ಎಲ್ಲಿ ತರ್ತೀರಿ, ಬಿಡಿ.

ಹಾಗಾದರೆ ಮಾಡೋದೇನು? ಮೊದಲನೆಯದು ಕೇಳೋಕೆ ವಿಚಿತ್ರ ಅನಿಸುತ್ತದೆ: ಅದೇ ಹಾಸಿಗೆಯಲ್ಲೇ ಮಲಗಿ. ಹೆದರಿ ಹಾಲಿಗೆ ಹೋದರೆ ನಿಮ್ಮ ಉಸಿರು, ಮೈ ಬಿಸಿ ಹಿಡಿದು ಅವೂ ಹಾಲಿಗೆ ಬರುತ್ತವೆ. ಒಂದು ಕೋಣೆಯ ಕಾಟ ಎರಡಾಗುತ್ತದೆ. ಹಾಸಿಗೆ ಹೊರಗೆ ಎಸೆಯೋದೂ ದುಡುಕು. ಹೊಸದು ತಂದರೆ ಮಂಚದ ಸಂದಿಯಿಂದ ಅದಕ್ಕೇ ಹತ್ತುತ್ತವೆ. ಆ ದುಡ್ಡಿನಲ್ಲಿ ಪೂರ್ತಿ ಜಿಪ್ ಇರುವ ತಿಗಣೆ ಕವರ್ ತಗೊಂಡು ಹಾಸಿಗೆಗೆ ಹಾಕಿ. ಒಳಗಿದ್ದವು ಒಳಗೇ ಸಾಯಬೇಕು. ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ, ಹಾಗಾಗಿ ಒಂದು ವರ್ಷ ಜಿಪ್ ತೆಗೆಯಬೇಡಿ.

ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ. ಹೊದಿಕೆ ನೆಲಕ್ಕೆ ತಾಗಬಾರದು. ಮಂಚದಡಿ ಸೂಟ್‌ಕೇಸ್ ತುರುಕಬೇಡಿ. ತಿಗಣೆಗೆ ರೆಕ್ಕೆ ಇಲ್ಲ, ಹಾರಲ್ಲ, ನೆಗೆಯಲ್ಲ. ಮಂಚ ಹತ್ತೋಕೆ ಕಾಲೇ ಅದರ ದಾರಿ. ಅಲ್ಲಿ ಬಲೆ ಇಡಿ. ಅಂಗಡಿಯಲ್ಲೂ ಸಿಗುತ್ತದೆ, ಮನೆಯಲ್ಲೇ ಮಾಡಿದರೆ ಕಾಸು ಉಳಿಯುತ್ತದೆ. ಒಂದು ಅಗಲದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಚಿಕ್ಕದೊಂದು ಡಬ್ಬಿ ಅಂಟಿಸಿ. ಮಂಚದ ಕಾಲು ಚಿಕ್ಕ ಡಬ್ಬಿಯೊಳಗೆ ನಿಲ್ಲಬೇಕು. ದೊಡ್ಡ ಡಬ್ಬಿಯ ಹೊರಮೈಗೆ ಒರಟು ಕಾಗದದ ಟೇಪ್ ಸುತ್ತಿ, ಹತ್ತೋಕೆ ಹಿಡಿತ ಸಿಗಲಿ. ಎರಡು ಡಬ್ಬಿ ನಡುವಿನ ಗೋಡೆಗೆ ಟಾಲ್ಕಂ ಪೌಡರ್ ತೆಳ್ಳಗೆ ಸವರಿ. ಅಮ್ಮ ಕೊಟ್ಟ ಮೈಸೂರ್ ಸ್ಯಾಂಡಲ್ ಪೌಡರೇ ಸಾಕು. ಬಿದ್ದದ್ದು ಜಾರಿ ಜಾರಿ ಅಲ್ಲೇ ಉಳಿಯುತ್ತದೆ. ವಾರಕ್ಕೊಮ್ಮೆ ನೋಡಿದರೆ ಕಾಟ ಇಳಿಯುತ್ತಿದೆಯೋ ಏರುತ್ತಿದೆಯೋ ಗೊತ್ತಾಗುತ್ತದೆ.

ಬಟ್ಟೆಗೆ ಡ್ರೈಯರಿಗಿಂತ ಒಳ್ಳೇ ಔಷಧಿ ಇಲ್ಲ. ಕೋಣೆಯಲ್ಲೇ ಚೀಲಕ್ಕೆ ತುಂಬಿ ಗಂಟು ಕಟ್ಟಿ. ಲಾಂಡ್ರಿಯಲ್ಲಿ ಬಿಚ್ಚಿ ಮಷೀನಿಗೆ ಸುರಿದು, ಆ ಚೀಲ ಅಲ್ಲೇ ಎಸೆಯಿರಿ. ಒಗೆದ ಬಟ್ಟೆಯೇ ಆಗಿದ್ದರೆ ಮತ್ತೆ ಒಗೆಯೋ ಕೆಲಸ ಇಲ್ಲ. ಒಣ ಬಟ್ಟೆಯನ್ನೇ ಜಾಸ್ತಿ ಬಿಸಿಯಲ್ಲಿ ಅರ್ಧ ಗಂಟೆ ತಿರುಗಿಸಿ. ಮಷೀನ್ ತುಂಬ ತುರುಕಬೇಡಿ, ನಡುವೆ ಬಿಸಿ ತಾಗಲ್ಲ. ಆಮೇಲೆ ಹೊಸ ಚೀಲಕ್ಕೆ ಹಾಕಿ ಮುಚ್ಚಿಡಿ, ಬೇಕಾದಷ್ಟೇ ತೆಗೆಯಿರಿ.

ಮದುವೆಯ ಮೈಸೂರು ಸಿಲ್ಕ್ ಸೀರೆಯನ್ನು ಮಾತ್ರ ಡ್ರೈಯರಿಗೆ ಹಾಕಬೇಡಿ, ಕೈ ಮುಗಿಯುತ್ತೇನೆ. ರೇಷ್ಮೆ ಹಾಳು, ಜರಿ ಹಾಳು. ಮಡಿಕೆ ಬಿಚ್ಚಿ ನೋಡಿ, ಸಡಿಲವಾಗಿ ಮಡಿಸಿ, ಗಾಳಿ ತೆಗೆದ ಜಿಪ್ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಡಿ. ಮೈನಸ್ 18 ಡಿಗ್ರಿ ಇರಬೇಕು, ನಾಲ್ಕು ದಿನ ಪೂರ್ತಿ. ಹೊರಗೆ ತೆಗೆದ ಮೇಲೆ ಚೀಲ ತಕ್ಷಣ ತೆರೆಯಬೇಡಿ, ಕೋಣೆಯ ಬಿಸಿಗೆ ಬರಲಿ. ಇಲ್ಲದಿದ್ದರೆ ಸೀರೆ ಮೇಲೆ ನೀರು ಕೂರುತ್ತದೆ. ಪುಸ್ತಕ, ದೇವರ ಪಟ, ಚಪ್ಪಲಿಗೂ ಇದೇ ಉಪಾಯ.

ವ್ಯಾಕ್ಯೂಮ್ ಇದ್ದರೆ ಹೊಲಿಗೆ, ಸಂದಿ ಎಲ್ಲ ಎಳೆಯಿರಿ. ಚೀಲವನ್ನು ಆಗಲೇ ಕಟ್ಟಿ ಹೊರಗಿನ ಕಸಕ್ಕೆ ಹಾಕಿ. ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿಯ ಚಿಪ್ಪಿನಿಂದಾದ ಮಣ್ಣಿನ ಪುಡಿ (diatomaceous earth) ಸಿಗುತ್ತದೆ. ಹುಳದ ಮೈಯ ಮೇಣದ ಪದರ ಹಾಳುಮಾಡಿ ಒಣಗಿಸಿ ಕೊಲ್ಲುತ್ತದೆ. ಡಬ್ಬಿ ಮೇಲೆ ತಿಗಣೆಗೆ ಅಂತಲೇ ಬರೆದಿರಬೇಕು, ಕೆನಡಾದಲ್ಲಿ ಕೀಟನಾಶಕಗಳಿಗೆ ಕೊಡೋ ಪಿಸಿಪಿ (PCP) ನೋಂದಣಿ ನಂಬರ್ ಇರಬೇಕು. ಈಜುಕೊಳದ ಫಿಲ್ಟರಿಗೆಂದು ಮಾರೋ ಇದೇ ಹೆಸರಿನ ಪುಡಿ ಬೇಡ, ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿಕೊಂಡು ಸಂದಿಗಳಿಗಷ್ಟೇ, ಕಣ್ಣಿಗೆ ಕಂಡೂ ಕಾಣದಷ್ಟು ತೆಳ್ಳಗೆ ಉದುರಿಸಿ. ರಂಗೋಲಿ ಎಳೆಯ ಹಾಗೆ ದಪ್ಪ ಎಳೆದರೆ ತಿಗಣೆ ಸುತ್ತು ಹಾಕಿಕೊಂಡು ಹೋಗುತ್ತದೆ.

ಒಂದು ಸಲ ಔಷಧಿ ಹೊಡೆದು ಮುಗಿಯಿತು ಅನ್ನೋ ಕಂಪನಿಯನ್ನು ನಂಬಬೇಡಿ. ಮೊಟ್ಟೆಗಳು ಸಾಮಾನ್ಯವಾಗಿ ಆರರಿಂದ ಹತ್ತು ದಿನಕ್ಕೆ ಒಡೆಯುತ್ತವೆ, ಸ್ಪ್ರೇಗೆ ಅವು ಸುಲಭವಾಗಿ ಸಾಯಲ್ಲ. ಹಾಗಾಗಿ ಸುಮಾರು ಎರಡು ವಾರ ಬಿಟ್ಟು ಎರಡನೇ ಸಲ ಬರಲೇಬೇಕು. ಅದನ್ನು ಮೊದಲ ಇಮೇಲಿನಲ್ಲೇ ಕೇಳಿ. ಬಲೆಯಲ್ಲಿ ಎರಡು ತಿಂಗಳು ಏನೂ ಬೀಳದಿದ್ದರೆ, ಕಚ್ಚದಿದ್ದರೆ, ಹೋಯಿತು ಅಂದುಕೊಳ್ಳಬಹುದು.

ಐದಾರು ಜನ ಸೇರಿ ಬೇಸ್‌ಮೆಂಟಿನಲ್ಲಿದ್ದರೆ ಎಲ್ಲರಿಗೂ ಆ ದಿನವೇ ಹೇಳಿ. ಒಬ್ಬ ಮುಚ್ಚಿಟ್ಟರೆ ಉಳಿದವರು ಮಾಡಿದ್ದೆಲ್ಲ ದಂಡ. ಯುಗಾದಿ ಊಟಕ್ಕೆ ಕರೆದವರಿಗೂ ಹೇಳಿ. ನಮ್ಮಲ್ಲಿ ಬಂದವರ ಕೋಟೆಲ್ಲ ಒಂದೇ ಮಂಚದ ಮೇಲೆ ರಾಶಿ ಬೀಳುತ್ತದೆ ಅಲ್ವಾ? ಒಬ್ಬರ ಕೋಟಿನಿಂದ ಇಪ್ಪತ್ತು ಮನೆಗೆ ಹೋಗೋದು ಹಾಗೇ. ಕೋಟನ್ನು ಡ್ರೈಯರಿಗೆ ಹಾಕಿ, ಚೀಲದಲ್ಲಿಟ್ಟು, ಹೊರಡುವಾಗ ಹಾಕಿಕೊಂಡು ಹೋಗಿ. ಅಲ್ಲಿ ಬೇರೆ ಗೂಟಕ್ಕೆ ತೂಗುಹಾಕಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ, ಅರ್ಧ ಜನ ಇದನ್ನು ಅನುಭವಿಸಿದವರೇ.

ರಜೆಗೆ ಮೈಸೂರಿಗೆ ಬರುವಾಗ ಬಟ್ಟೆಯನ್ನು ಡ್ರೈಯರಿನಿಂದ ನೇರ ಪೆಟ್ಟಿಗೆಗೆ ಹಾಕಿ. ಪೆಟ್ಟಿಗೆಯನ್ನು ಅಮ್ಮನ ಮಂಚದ ಮೇಲಿಟ್ಟು ಬಿಚ್ಚಬೇಡಿ, ಹೊರಗೆ ಜಗಲಿಯಲ್ಲಿ ಬಿಚ್ಚಿ. ವಾಪಸ್ ಹೊರಡುವಾಗಲೂ ಅದರ ಹೊಲಿಗೆಗೆ ಟಾರ್ಚ್ ಬಿಟ್ಟು ನೋಡಿ. ಲಾಡ್ಜು, ಹಾಸ್ಟೆಲ್ಲು, ಸ್ಲೀಪರ್ ಬಸ್ಸು ಸುತ್ತಿ ಬಂದ ಪೆಟ್ಟಿಗೆ ಅದು. ನಮ್ಮ ಕಡೆಯ ತಿಗಣೆ ಉಷ್ಣವಲಯದ್ದು, ಕೆನಡಾದ್ದು ಅದರ ಅಣ್ಣತಮ್ಮಂದಿರ ಪೈಕಿ ಇನ್ನೊಂದು ಜಾತಿ. ಎರಡಕ್ಕೂ ಡ್ರೈಯರಿನ ಬಿಸಿ ಒಂದೇ.