ಅರಳಿಕಟ್ಟೆಗೆ ಎಷ್ಟು ಕಲ್ಲು? ದುಂಡು ಜಾಗದ ಚದರ ಅಡಿ ಲೆಕ್ಕ

ಕಲ್ಲು ಹಾಸಿಸುವವರು ನನ್ನನ್ನು ಮೊದಲು ಕೇಳುವುದು, "ಮೇಸ್ತ್ರಿ, ಎಷ್ಟು ಚದರ ಅಡಿ ಬರುತ್ತದೆ?" ಅಂಗಳ ಚೌಕವಾಗಿದ್ದರೆ ಉದ್ದವನ್ನು ಅಗಲದಿಂದ ಗುಣಿಸಿದರೆ ಮುಗಿಯಿತು. ಅದೇ ಅರಳಿಕಟ್ಟೆಯಾದರೆ, ಶಾಲೆಯಲ್ಲಿ ಪೈ ಆರ್ ಸ್ಕ್ವೇರ್ ಬಾಯಿಪಾಠ ಮಾಡಿದವರೂ ಟೇಪು ಹಿಡಿದು ಸುಮ್ಮನೆ ನಿಲ್ಲುತ್ತಾರೆ. ಅವರ ತಪ್ಪಲ್ಲ. ಸೂತ್ರಕ್ಕೆ ತ್ರಿಜ್ಯ ಬೇಕು, ತ್ರಿಜ್ಯ ಶುರುವಾಗುವ ಜಾಗದಲ್ಲೇ ಮರ ನಿಂತಿದೆ.

ಹಾಗಾಗಿ ಹೊರಗಿನಿಂದಲೇ ಅಳೆಯಿರಿ. ಎಳೆದರೆ ಹಿಗ್ಗದ ದಾರವನ್ನು ಕಟ್ಟೆಯ ಅಂಚಿಗೆ ಒಂದು ಸುತ್ತು ಬಿಗಿಯಾಗಿ ಹಾಯಿಸಿ, ಆ ದಾರವನ್ನು ನೆಲದ ಮೇಲೆ ಚಾಚಿ ಟೇಪಿನಿಂದ ಅಳೆಯಿರಿ. 44 ಅಡಿ ಬಂತು ಎನ್ನೋಣ. ಇದು ಪರಿಧಿ. 7ರಿಂದ ಗುಣಿಸಿ 22ರಿಂದ ಭಾಗಿಸಿದರೆ ವ್ಯಾಸ 14 ಅಡಿ, ಅದರ ಅರ್ಧ, ಅಂದರೆ ತ್ರಿಜ್ಯ, 7 ಅಡಿ. ಏಳೇಳು ನಲವತ್ತೊಂಬತ್ತು, ಅದನ್ನು 22ರಿಂದ ಗುಣಿಸಿ 7ರಿಂದ ಭಾಗಿಸಿದರೆ 154 ಚದರ ಅಡಿ.

ಇದಕ್ಕಿಂತ ಸುಲಭದ ದಾರಿಯೂ ಇದೆ. ಪರಿಧಿಯ ಅರ್ಧ 22, ವ್ಯಾಸದ ಅರ್ಧ 7, ಎರಡನ್ನೂ ಗುಣಿಸಿದರೂ ಅದೇ 154. ನಂಬಿಕೆ ಬಾರದಿದ್ದರೆ ದುಂಡನೆಯ ಕಾಗದವೊಂದನ್ನು ನಡುವಿನಿಂದ ಹದಿನಾರು ಸಮನಾದ ತುಂಡುಗಳಾಗಿ ಕತ್ತರಿಸಿ, ಒಂದರ ಚೂಪು ಮೇಲೆ, ಮತ್ತೊಂದರದು ಕೆಳಗೆ ಬರುವಂತೆ ಸಾಲಾಗಿ ಜೋಡಿಸಿ. ಹೆಚ್ಚುಕಡಿಮೆ ಆಯತವೇ ಆಗುತ್ತದೆ: ಉದ್ದ ಅರ್ಧ ಪರಿಧಿ, ಅಗಲ ತ್ರಿಜ್ಯ. ತುಂಡುಗಳು ಸಣ್ಣದಾದಷ್ಟೂ ಅಂಚು ನೇರವಾಗುತ್ತದೆ. ಆರ್ಯಭಟ ಕ್ರಿ.ಶ. 499ರ ಹೊತ್ತಿಗೆ ವೃತ್ತದ ವಿಸ್ತೀರ್ಣಕ್ಕೆ ಕೊಟ್ಟ ನಿಯಮ ಇದೇ. ಮೇಷ್ಟ್ರುಗಳು ಸೂತ್ರ ಬರೆಸುವ ಮೊದಲು ಈ ಕಾಗದ ಕತ್ತರಿಸುವ ಕೆಲಸ ಮಾಡಿಸಬೇಕಿತ್ತು ಎಂದು ನನಗೆ ಅನಿಸುತ್ತದೆ.

ಮರದ ಬುಡಕ್ಕೆ ಮಣ್ಣು ಬಿಡಬೇಕಲ್ಲ, ಅದನ್ನು ಕಳೆಯಿರಿ. ಬಿಡುವ ದುಂಡಿನ ಸುತ್ತಳತೆ 11 ಅಡಿ ಇದ್ದರೆ ವ್ಯಾಸ 3.5, ತ್ರಿಜ್ಯ 1.75. ಅರ್ಧ ಪರಿಧಿ 5.5ನ್ನು 1.75ರಿಂದ ಗುಣಿಸಿದರೆ 9.625. ಕಲ್ಲು ಹಾಸುವ ಜಾಗ 144 ಚದರ ಅಡಿಗಿಂತ ತುಸು ಹೆಚ್ಚು. ದೊಡ್ಡ ತ್ರಿಜ್ಯದಿಂದ ಚಿಕ್ಕದನ್ನು ಕಳೆದು, ಬಂದದ್ದರ ವರ್ಗ ಮಾಡಬೇಡಿ; ಎರಡು ವಿಸ್ತೀರ್ಣಗಳನ್ನು ಬೇರೆಬೇರೆ ತೆಗೆದು ಆಮೇಲೆ ಕಳೆಯಬೇಕು.

"22/7 ಯಾಕೆ, ಮೂರರಿಂದ ಗುಣಿಸಿದರೆ ಸಾಲದೇ?" ಎನ್ನುವ ಯಜಮಾನರಿದ್ದಾರೆ. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನೂ ಸ್ಥೂಲ ಲೆಕ್ಕಕ್ಕೆ ಮೂರನ್ನು ಒಪ್ಪಿದ್ದಾನೆ, ಸೂಕ್ಷ್ಮಕ್ಕೆ ಹತ್ತರ ವರ್ಗಮೂಲವನ್ನು ಹೇಳಿದ್ದಾನೆ. ನಮ್ಮ ಕಟ್ಟೆಗೆ ಮೂರು ಹಿಡಿದರೆ 147 ಬರುತ್ತದೆ, 7 ಚದರ ಅಡಿ ಕಲ್ಲು ಕಡಿಮೆ ಬೀಳುತ್ತದೆ. ಹತ್ತರ ವರ್ಗಮೂಲದಿಂದ ಸುಮಾರು 155. ಸಾದರಹಳ್ಳಿ ಕಲ್ಲಿಗೆ ಮತ್ತೊಮ್ಮೆ ಗಾಡಿ ಬಾಡಿಗೆ ಕೊಡುವ ಮನಸ್ಸಿದ್ದರೆ ಮೂರನ್ನೇ ಹಿಡಿಯಿರಿ!

ಹೆಚ್ಚಿನವರು ಎಡವುವುದು ಇಂಚಿನಲ್ಲಿ. 7 ಅಡಿ 6 ಇಂಚು ಎಂದರೆ 7.5 ಅಡಿ, 7.6 ಅಲ್ಲ. ತ್ರಿಜ್ಯದಲ್ಲಿ ಇಷ್ಟು ತಪ್ಪಿದರೆ ಸುಮಾರು ಐದು ಚದರ ಅಡಿ ವ್ಯತ್ಯಾಸ. ವ್ಯಾಸವನ್ನೇ ತ್ರಿಜ್ಯ ಎಂದುಕೊಂಡರಂತೂ ಉತ್ತರ ನಾಲ್ಕು ಪಟ್ಟಾಗುತ್ತದೆ. ಇದನ್ನು ಹಿಡಿಯಲು ಕಟ್ಟೆಯನ್ನು ಸರಿಯಾಗಿ ಸುತ್ತುವರಿಯುವ ಚೌಕವನ್ನು ಊಹಿಸಿ: 14ರಿಂದ 14, ಅಂದರೆ 196. ವೃತ್ತ ಅದರ ಮುಕ್ಕಾಲಿಗಿಂತ ಸ್ವಲ್ಪವೇ ಹೆಚ್ಚಿರಬೇಕು. ಚೌಕವನ್ನೇ ಮೀರಿದ ಉತ್ತರ ಬಂದರೆ ಲೆಕ್ಕ ಹರಿದುಹಾಕಿ.

ಹಳೆಯ ಕಟ್ಟೆಗಳು ಪೂರ್ತಿ ದುಂಡಗಿರುವುದು ಅಪರೂಪ. ಎದುರುಬದುರು ಅಂಚಿಗೆ ತಾಗುವಂತೆ ಎರಡು ಉದ್ದನೆಯ ಹಲಗೆಗಳನ್ನು ಸಮಾನಾಂತರವಾಗಿಟ್ಟು ನಡುವಿನ ದೂರ ಅಳೆಯಿರಿ. ಕಟ್ಟೆ ಉದ್ದುದ್ದ ಕಾಣುವ ಕಡೆಗೊಮ್ಮೆ, ಅದಕ್ಕೆ ಅಡ್ಡಲಾಗಿ ಇನ್ನೊಮ್ಮೆ. ಒಂದು ಕಡೆ 14, ಇನ್ನೊಂದು ಕಡೆ 15 ಬಂದರೆ ಅರ್ಧಗಳನ್ನು ಗುಣಿಸಿ: 7ನ್ನು 7.5ರಿಂದ, ಆಮೇಲೆ 22/7ರಿಂದ. 165 ಚದರ ಅಡಿ. ಅಂಚಿನಲ್ಲಿ ಕೊಯ್ದು ಬಿಸಾಡುವ ಚೂರುಗಳು ಇದರಲ್ಲಿ ಸೇರಿಲ್ಲ. ಎಷ್ಟು ವ್ಯರ್ಥವಾಗುತ್ತದೆ ಎಂಬುದು ಚಪ್ಪಡಿಯ ಅಳತೆಯ ಮೇಲಿದೆ, ಅದನ್ನು ಕೊಯ್ಯುವವನನ್ನೇ ಕೇಳಿ ಆರ್ಡರ್ ಕೊಡಿ.